ಅಮೆರ್ಸೂದಜ್ಜಿಯ ಸೋಪು ಯಾಕೆ ಕಚ್ಚಿತು?

ನಾಯಿ ಕಚ್ಚುತ್ತದೆ, ಸೊಳ್ಳೆ ಕಚ್ಚುತ್ತದೆ, ಹೊಸ ಚಪ್ಪಲಿಯೂ ಕಚ್ಚುತ್ತದೆ. ಇದೆಲ್ಲ ಎಲ್ಲರಿಗೂ ಗೊತ್ತಿರುವುದೇ. ಆದರೆ ಆ ಬೆಳಿಗ್ಗೆ ಅಮೆರ್ಸೂದಜ್ಜಿಯನ್ನು ಕಚ್ಚಿದ್ದು ಸೋಪು. ಅದೂ ಅವಳೇ ಕೈಯಾರೆ ಕಲಕಿ, ಅಚ್ಚಿಗೆ ಹೊಯ್ದು, ಕತ್ತರಿಸಿ, ಹಿತ್ತಿಲ ಕೋಣೆಯಲ್ಲಿ ಕೂಸುಗಳಂತೆ ಸಾಲಾಗಿ ಮಲಗಿಸಿ ಒಣಗಿಸಿದ್ದ ಸೋಪು!

ಲೆಸ್ವೋಸ್ ದ್ವೀಪದ ಆ ಊರಿನಲ್ಲಿ ಆಲಿವ್ ಎಣ್ಣೆಯ ಸೋಪನ್ನು ಮನೆಯಲ್ಲೇ ಮಾಡುವವರು ಈಗ ಬೆರಳೆಣಿಕೆಯಷ್ಟು. ಅವರಲ್ಲಿ ಅಮೆರ್ಸೂದಜ್ಜಿಯದೇ ಎತ್ತಿದ ಕೈ. ಸೋಪು ಹದವಾಗಿದೆಯೋ ಇಲ್ಲವೋ ಎಂದು ನೋಡಲು ಅಲ್ಲಿಯ ಹಳೇ ಹೆಂಗಸರದು ಒಂದೇ ಪರೀಕ್ಷೆ: ನಾಲಿಗೆಯ ತುದಿಗೆ ಸೋಪನ್ನು ತಾಗಿಸುವುದು. ಸುಮ್ಮನಿದ್ದರೆ ಸೋಪು ಪಾಸು. ಚುರ್ ಎಂದರೆ ಫೇಲು.

ಚುರ್ ಎಂದಿತು.

ಅಜ್ಜಿ ಎರಡನೆಯದನ್ನು ಮುಟ್ಟಿಸಿದಳು. ಚುರ್. ಮೂರನೆಯದು. ಚುರ್, ಚುರ್! ಅವಳು ನಾಲಿಗೆ ಹೊರಗೆ ಚಾಚಿಕೊಂಡು ಅಂಗಳಕ್ಕೆ ಓಡಿ ಬಂದಳು. ಅಲ್ಲಿ ದ್ರಾಕ್ಷಿ ಚಪ್ಪರದ ಕೆಳಗೆ ಅವಳ ಗಂಡ ಪನಾಯಿಸ್ ಕಾಫಿ ಕುಡಿಯುತ್ತಿದ್ದ.

"ಏನೇ ಇದು, ನನ್ನನ್ನೇ ಅಣಕಿಸ್ತಿದ್ದೀಯಾ?" ಎಂದ ಆತ. ಯಾಕೆಂದರೆ ಅಣಕಿಸುವುದು ಆ ಮನೆಯಲ್ಲಿ ಆತನ ಕೆಲಸ. ಊರಿನಲ್ಲಿ ಯಾರ ದನಿಯನ್ನಾದರೂ ಪನಾಯಿಸಜ್ಜ ಅವರಿಗಿಂತ ಚೆನ್ನಾಗಿ ಮಾತಾಡಿ ತೋರಿಸುತ್ತಿದ್ದ.

"ತೋಪು... ತೋಪು ತೆತ್ತೋಯ್ತು ರೀ!"

"ಯಾರು ಸತ್ತೋದ್ರು?"

ಅಜ್ಜಿ ಒಂದು ಲೋಟ ನೀರು ಮುಕ್ಕಳಿಸಿ ಉಗಿದಳು. "ಸೋಪು ಕೆಟ್ಟೋಯ್ತು ಅಂದೆ! ಇನ್ನು ಮಗೂಗೆ ಏನ್ರೀ ಮಾಡೋದು?"

ಈಗ ಪನಾಯಿಸಜ್ಜನ ನಗು ನಿಂತಿತು. ಮಗಳು ರಾಲ್ಲೂವಿನ ಹೆಣ್ಣು ಮಗುವಿಗೆ ಮುಂದಿನ ತಿಂಗಳು ದೀಕ್ಷಾಸ್ನಾನ. ಪಾದ್ರಿ ಮಗುವಿನ ಮೈಗೆಲ್ಲ ಎಣ್ಣೆ ಸವರಿ, ನೀರಿನಲ್ಲಿ ಮುಳುಗಿಸಿ ಎತ್ತುತ್ತಾರೆ. ಆ ಪವಿತ್ರ ಎಣ್ಣೆ ಮೈಯಲ್ಲಿ ಇರಲಿ ಎಂದು ಮೂರು ದಿನ ಮಗುವಿಗೆ ಸ್ನಾನವಿಲ್ಲ. ಆಮೇಲೆ ಮೊದಲ ಸ್ನಾನ, ಹೊಸ ಸೋಪಿನಿಂದ. ರಾಲ್ಲೂ ಕೂಸಾಗಿದ್ದಾಗ ಅವಳಿಗೆ ಸ್ನಾನ ಮಾಡಿಸಿದ್ದು ಅಮೆರ್ಸೂದಜ್ಜಿಯ ಸೋಪಿನಿಂದಲೇ. "ಮೊಮ್ಮಗೂಗೂ ನನ್ನ ಕೈ ಸೋಪೇ. ಅಂಗಡಿ ಸೋಪು ತಂದವರ ಮುಖ ನೋಡಲ್ಲ!" ಎಂದು ಅಜ್ಜಿ ಊರಿಗೆಲ್ಲ ಸಾರಿದ್ದಳು. ಊರು ಕಾಯುತ್ತಿತ್ತು. ಮಗುವೂ ಕಾಯುತ್ತಿತ್ತು. ಈಗ ನೋಡಿದರೆ ಸೋಪು ಕಚ್ಚುತ್ತಿದೆ. ಅರವತ್ತೆಂಟರ ನಾಲಿಗೆಯನ್ನೇ ಹೀಗೆ ಸುಟ್ಟಿದ್ದು, ಕೂಸಿನ ಮೈಯನ್ನು ಬಿಟ್ಟೀತೇ?

"ಹುಣ್ಣಿಮೆ ದಿನ ಮಾಡಿದ್ಯೇನೋ" ಎಂದ ಅಜ್ಜ.

"ಹುಣ್ಣಿಮೆಗೂ ಸೋಪಿಗೂ ಏನ್ರೀ ಸಂಬಂಧ!"

"ಸೋಪಿಗೆ ಹಾಕಿದ ಸೋಡಾ ಹಳೇದಿರಬೇಕು."

"ಹೊಸಾ ಪಾಕೀಟು. ನಾನೇ ಒಡೆದದ್ದು." ಅಜ್ಜಿ ಕುರ್ಚಿ ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದಳು. "ನನಗೆ ಗೊತ್ತು ಕಣ್ರೀ. ಇದು ಕಣ್ಣು. ಆವತ್ತು ನಾನು ಸೋಪು ಕಲಕ್ತಾ ಇದ್ದಾಗ ಗೋಡೆ ಮೇಲಿಂದ ಬಗ್ಗಿ ನೋಡಿದ್ದು ಯಾರು? ಆ ಕಲಿರೋಯಿ! ನೀಲಿ ಕಣ್ಣಿನ ಕಲಿರೋಯಿ! ನೀಲಿ ಕಣ್ಣಿನವರ ದೃಷ್ಟಿ ಬೇಗ ತಾಗುತ್ತೆ ಕಣ್ರೀ!"

ಕಲಿರೋಯಿ ಪಕ್ಕದ ಮನೆಯವಳು. ಕೇಕು, ಬಿಸ್ಕತ್ತು ಮಾಡುವುದರಲ್ಲಿ ನಿಪುಣೆ. ಪನಾಯಿಸಜ್ಜನಿಗೆ ಆ ಹೆಸರು ಕೇಳಿದ್ದೇ ಸಾಕಾಯಿತು. ಆತ ಎದ್ದು ನಿಂತು, ಕರವಸ್ತ್ರವನ್ನು ತಲೆಗೆ ಕಟ್ಟಿ, ಕಣ್ಣು ಅರಳಿಸಿ, ಕೀರಲು ದನಿಯಲ್ಲಿ ಶುರು ಮಾಡಿದ: "ಅಯ್ಯಯ್ಯಯ್ಯೋ ಅಕ್ಕಾ! ಏನು ಸೋಪು, ಏನು ಬಣ್ಣ, ಬೆಣ್ಣೆ ಬೆಣ್ಣೆ! ನನಗೂ ಒಂದು ತುಂಡು ಇಟ್ಟಿರ್ತೀಯ ಅಲ್ವಾ ಅಕ್ಕಾ?"

"ಹಾಗೇ ಅಂದ್ಲು! ಹೊಗಳಿದ ಮೇಲೆ ಮೂರು ಸಲ ಥೂ ಥೂ ಥೂ ಅನ್ನಬೇಕೋ ಬೇಡ್ವೋ? ಅನ್ನಲಿಲ್ಲ ಕಣ್ರೀ. ಹಾಗೇ ಹೋದ್ಲು!"

ದೃಷ್ಟಿ ಬಿದ್ದಿದೆಯೋ ಇಲ್ಲವೋ ನೋಡುವ ವಿದ್ಯೆ ಅಜ್ಜಿಗೆ ಅವಳ ಅಜ್ಜಿಯಿಂದ ಬಂದದ್ದು. ಅವಳು ಬಿಳಿ ತಟ್ಟೆಯಲ್ಲಿ ನೀರು ತಂದು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಸೋಪಿನ ಒಂದು ತುಂಡು. ತುಟಿ ಅಲ್ಲಾಡಿಸುತ್ತ ಪ್ರಾರ್ಥನೆ ಹೇಳಿ, ಬೆರಳನ್ನು ಎಣ್ಣೆಯಲ್ಲಿ ಅದ್ದಿ, ನೀರಿಗೆ ಹನಿ ಹನಿಯಾಗಿ ಬಿಟ್ಟಳು. ಎಣ್ಣೆ ಒಡೆದು ಮಾಯವಾದರೆ ದೃಷ್ಟಿ ಬಿದ್ದಿದೆ. ದುಂಡಗೆ ತೇಲಿದರೆ ಇಲ್ಲ.

ಎಣ್ಣೆ ಚಿನ್ನದ ನಾಣ್ಯದಂತೆ ದುಂಡಗೆ ತೇಲಿತು.

"ಛೆ!" ಎಂದ ಪನಾಯಿಸಜ್ಜ. "ಪಾಪ ಕಲಿರೋಯಿ ಬಚಾವಾದ್ಲು."

ಅಷ್ಟರಲ್ಲಿ ಗೇಟು ಕಿರ್ ಎಂದಿತು. ಬಂದವಳು ಫ್ರೋಸೊ. ಊರಿನ ಔಷಧಿ ಅಂಗಡಿ ಅವಳದು. ರಾಲ್ಲೂವಿನ ಬಾಲ್ಯದ ಗೆಳತಿ. ಅದಕ್ಕಿಂತ ಮುಖ್ಯವಾಗಿ, ದೀಕ್ಷಾಸ್ನಾನದ ದಿನ ಮಗುವನ್ನು ತೋಳಲ್ಲಿ ಹಿಡಿಯಬೇಕಾದ ಧರ್ಮತಾಯಿ. ಎಣ್ಣೆ, ಟವೆಲು, ಸೋಪು ಎಲ್ಲವನ್ನೂ ಚಂದದ ಬುಟ್ಟಿಯಲ್ಲಿಟ್ಟು ತರುವುದು ಅವಳ ಹೊಣೆ.

"ಚಿಕ್ಕಮ್ಮಾ, ಬುಟ್ಟಿ ರೆಡಿ! ಸೋಪೊಂದು ಕೊಟ್ಬಿಡಿ" ಎನ್ನುತ್ತ ಬಂದವಳು ಅಜ್ಜಿಯ ಮುಖ ನೋಡಿ ನಿಂತಳು. "ಏನಾಯ್ತು? ನಾಲಿಗೆ ಯಾಕೆ ಕೆಂಪಾಗಿದೆ?"

"ಸೋಪು ಕಚ್ತು" ಎಂದ ಅಜ್ಜ.

"ಅಯ್ಯೋ, ನಾಲಿಗೆಗೆ ಇಟ್ರಾ? ಅದು ಕಾಸ್ಟಿಕ್ ಸೋಡಾ ಚಿಕ್ಕಮ್ಮ, ಸಕ್ಕರೆ ಅಲ್ಲ! ಇನ್ನು ಮೇಲೆ ಹಾಗೆ ಮಾಡಬೇಡಿ. ಪರೀಕ್ಷೆಗೆ ಬಣ್ಣ ಬದಲಾಗೋ ಕಾಗದದ ಪಟ್ಟಿ ಬರುತ್ತೆ, ನಾನೇ ತಂದುಕೊಡ್ತೀನಿ. ಈಗ ಹೇಳಿ, ಏನೇನು ಹಾಕಿದ್ರಿ?"

"ಯಾವಾಗ್ಲೂ ಹಾಕೋದನ್ನೇ ಹಾಕಿದ್ದು. ಎಂಟು ಕಿಲೋ ಎಣ್ಣೆ, ಮೂರು ಕಿಲೋ ನೀರು, ಒಂದು ಕಿಲೋ ಸೋಡಾ. ಮೊದಲು ನೀರು, ಆಮೇಲೆ ಅದಕ್ಕೆ ನಿಧಾನವಾಗಿ ಸೋಡಾ. ಸೋಡಾಕ್ಕೆ ನೀರು ಹೊಯ್ಯೋ ಪೆದ್ದಿ ನಾನಲ್ಲ."

"ಲೆಕ್ಕ ಸರಿಯಾಗೇ ಇದೆ. ಎಣ್ಣೆ ಹೇಗೆ ತೂಗಿದ್ರಿ?"

ಅಜ್ಜಿ ಗಂಡನ ಕಡೆ ಉರಿಗಣ್ಣು ಬಿಟ್ಟಳು. "ತೂಗೋಕೆ ತಕ್ಕಡಿ ಎಲ್ಲಿದೆ? ನಮ್ಮಮ್ಮನ ಕಾಲದ ತಕ್ಕಡೀನ ಊರಿನ ಸಂಘದವರಿಗೆ ಕೊಟ್ಟು ಕೈ ಮುಗಿದು ಬಂದ್ರಲ್ಲ ಈ ಮಹಾನುಭಾವರು! ಈಗ ಅದು ಗಾಜಿನ ಪೆಟ್ಟಿಗೇಲಿ ಕೂತಿದೆ. 'ಮುಟ್ಟಬೇಡಿ' ಅಂತ ಬೋರ್ಡು ಬೇರೆ."

"ಅದಕ್ಕೆ ಮರ್ಯಾದೆ ಸಿಗುತ್ತೆ ಅಂತ ಕೊಟ್ಟೆ ಕಣೇ!"

"ನನ್ನ ಸೋಪಿನ ಮರ್ಯಾದೆ ಹೋಯ್ತು! ಅದಕ್ಕೇ ಫ್ರೋಸೊ, ಈ ಸಲ ರಾಲ್ಲೂ ತಂದುಕೊಟ್ಟ ಜಗ್ಗಿನಲ್ಲಿ ಅಳೆದೆ. ನೋಡು, ಗೆರೆ ಇದೆ, ಒಂದು ಲೀಟರ್. ಎಂಟು ಸಲ ತುಂಬಿ ಹೊಯ್ದೆ. ಎಂಟು ಲೀಟರ್ ಅಂದ್ರೆ ಎಂಟು ಕಿಲೋ. ಚಿಕ್ಕ ಮಕ್ಕಳಿಗೂ ಗೊತ್ತು."

ಫ್ರೋಸೊ ಹಣೆ ಚಚ್ಚಿಕೊಳ್ಳಲಿಲ್ಲ. ಬೈಯಲೂ ಇಲ್ಲ. ಕುರ್ಚಿ ಎಳೆದುಕೊಂಡು ಕೂತು ನಕ್ಕಳು. "ಸಿಕ್ತು ಕಳ್ಳ. ಚಿಕ್ಕಮ್ಮ, ಎಣ್ಣೇದು ಎಂಟು ಲೀಟರ್ ಅಂದ್ರೆ ಎಂಟು ಕಿಲೋ ಅಲ್ಲ."

"ಏನಂದೆ?"

"ಲೀಟರ್ ಬೇರೆ, ಕಿಲೋ ಬೇರೆ."

ಪನಾಯಿಸಜ್ಜ ಕುಳಿತಲ್ಲಿಂದಲೇ ಜಿಗಿದ. ಇದು ಆತನ ಕ್ಷೇತ್ರಕ್ಕೆ ಬಂದ ಮಾತು. "ನಿಲ್ಲು ಮಗಳೇ, ನಿಲ್ಲು! ನಾನು ಇಪ್ಪತ್ತನೇ ವಯಸ್ಸಿನಿಂದ ಹೋಟೆಲಿಗೆ ಹೋಗಿ ಏನಂತ ಕೇಳ್ತಾ ಬಂದಿದ್ದೀನಿ? 'ಅರ್ಧ ಕಿಲೋ ವೈನ್ ಕೊಡಪ್ಪಾ' ಅಂತ. ಅವನು ಏನಂತಾನೆ?" ಆತ ಹೊಟ್ಟೆ ಮುಂದೆ ಚಾಚಿ, ಮೂಗಿನಿಂದ ಹೋಟೆಲಿನವನ ದನಿ ಎತ್ತಿದ: "'ಅರ್ಧ ಕಿಲೋ ಕೆಂಪೋ, ಅರ್ಧ ಕಿಲೋ ಬಿಳಿಯೋ ಯಜಮಾನ್ರೇ?' ಅಂತಾನೆ. ಏನು ತರ್ತಾನೆ? ಅರ್ಧ ಲೀಟರಿನ ತಗಡಿನ ಚೊಂಬು! ತೂಗ್ತಾನಾ? ಇಲ್ಲ. ಇಡೀ ದೇಶವೇ ವೈನನ್ನ ಕಿಲೋ ಲೆಕ್ಕದಲ್ಲಿ ಕುಡೀತಿದೆ. ಇಡೀ ದೇಶ ತಪ್ಪಾ?"

"ಇಡೀ ದೇಶ ತಪ್ಪಲ್ಲ ಚಿಕ್ಕಪ್ಪ. ವೈನು ನಿಮ್ಮ ಮಾನ ಉಳಿಸಿದೆ, ಅಷ್ಟೇ. ವೈನು ಹೆಚ್ಚು ಕಡಿಮೆ ನೀರಿನಷ್ಟೇ ಭಾರ. ಒಂದು ಲೀಟರ್ ನೀರು ಒಂದು ಕಿಲೋ. ಹಾಗಾಗಿ ವೈನಿನ ಲೀಟರೂ ಕಿಲೋ ಹತ್ರಾನೇ ಬರುತ್ತೆ, ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ. ಎಣ್ಣೆ ಹಾಗಲ್ಲ. ಎಣ್ಣೆ ಹಗುರ."

ಈಗ ಅಜ್ಜಿಗೆ ನಿಜವಾಗಿಯೂ ಸಿಟ್ಟು ಬಂತು. "ನನ್ನ ಎಣ್ಣೆ ಹಗುರವಾ? ನೀರು ನೋಡಿದ್ರೆ ಸರ್ ಅಂತ ಹರಿದುಹೋಗುತ್ತೆ. ನನ್ನ ಎಣ್ಣೆ ನೋಡು, ರಾಣಿ ಹಾಗೆ ನಿಧಾನಕ್ಕೆ ಇಳಿಯುತ್ತೆ. ಎಷ್ಟು ಮಂದ! ಅಂಥದ್ದು ನೀರಿಗಿಂತ ಹಗುರ ಅಂತೀಯಲ್ಲ, ನಿಮ್ಮ ಕಾಲೇಜಿನಲ್ಲಿ ಇದನ್ನೇ ಹೇಳಿಕೊಟ್ರಾ?"

ಫ್ರೋಸೊ ಮೇಜಿನ ಮೇಲಿದ್ದ ಬಿಳಿ ತಟ್ಟೆಯತ್ತ ಬೆರಳು ತೋರಿಸಿದಳು.

"ಇದೇನು ಚಿಕ್ಕಮ್ಮ?"

"ದೃಷ್ಟಿ ನೋಡಿದ್ದು."

"ಎಣ್ಣೆ ಎಲ್ಲಿದೆ?"

"ಕಾಣಲ್ವಾ? ಮೇಲಿದೆ."

"ಯಾಕೆ ಮುಳುಗಲಿಲ್ಲ?"

"ಯಾರ ಕಣ್ಣೂ ಬಿದ್ದಿಲ್ಲ, ಅದಕ್ಕೆ."

"ಕಣ್ಣಿನ ವಿಷಯ ನಿಮಗೇ ಬಿಟ್ಟೆ. ಆದ್ರೆ ಹೇಳಿ, ಎಣ್ಣೆ ಯಾವತ್ತಾದ್ರೂ ಕಲ್ಲಿನ ಹಾಗೆ ತಳಕ್ಕೆ ಹೋಗಿ ಕೂತದ್ದು ನೋಡಿದ್ದೀರಾ? ದೇವರ ಮುಂದೆ ದೀಪ ಹಚ್ತೀರಲ್ಲ, ಗಾಜಿನ ಲೋಟದಲ್ಲಿ ಕೆಳಗೆ ನೀರು, ಮೇಲೆ ಎಣ್ಣೆ. ಒಂದು ದಿನವಾದ್ರೂ ಎಣ್ಣೆ ಕೆಳಗೆ, ನೀರು ಮೇಲೆ ಆಗಿದೆಯಾ?"

ಅಜ್ಜಿ ತಟ್ಟೆಯನ್ನೇ ನೋಡಿದಳು. ಮದುವೆಯಾಗಿ ಬಂದಾಗಿನಿಂದ ಊರಿನ ಅರ್ಧ ಮಕ್ಕಳಿಗೆ ದೃಷ್ಟಿ ನೋಡಿದವಳು ಅವಳು. ಎಣ್ಣೆಯ ಹನಿ ನೀರಿನ ಮೇಲೆ ಹಾಯಾಗಿ ಕೂತದ್ದನ್ನು ಸಾವಿರ ಸಲ ನೋಡಿದ್ದಳು. ಅದು ಯಾಕೆ ಮೇಲೇ ಕೂರುತ್ತದೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

"ಮಂದ ಬೇರೆ, ಭಾರ ಬೇರೆ ಚಿಕ್ಕಮ್ಮ" ಎಂದಳು ಫ್ರೋಸೊ ಮೆಲ್ಲಗೆ. "ಎಣ್ಣೆ ಮಂದವಾಗಿದೆ, ನಿಜ. ಆದ್ರೆ ನೀರಿಗಿಂತ ಹಗುರ. ಅದಕ್ಕೇ ತೇಲುತ್ತೆ."

"ಬಾಯಲ್ಲಿ ಹೇಳಿದ್ರೆ ಆಗಲ್ಲ" ಎಂದಳು ಅಜ್ಜಿ. ದನಿಯಲ್ಲಿ ಬಿಗಿ ಕಡಿಮೆಯಾಗಿತ್ತು. "ತೂಗಿ ತೋರಿಸು. ನನ್ನ ಜಗ್ಗಿನಲ್ಲೇ."

"ತಕ್ಕಡಿ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಆ ಬೀದಿಯಲ್ಲಿ ಅಡಿಗೆಮನೆ ತಕ್ಕಡಿ ಇದ್ದದ್ದು ಒಬ್ಬಳ ಬಳಿ ಮಾತ್ರ. ಕೇಕು ಮಾಡುವವಳ ಬಳಿ.

"ನಾನು ಕೇಳಲ್ಲ" ಎಂದಳು ಅಜ್ಜಿ.

"ನಾನೂ ಕೇಳಲ್ಲ. ಈಗಷ್ಟೇ ಅವಳನ್ನ ಅಣಕಿಸಿದ್ದೀನಿ" ಎಂದ ಅಜ್ಜ.

"ಕೇಳೋದೇನೂ ಬೇಡ ಪನಾಯಿಸಣ್ಣ!" ಗೋಡೆಯಾಚೆಯಿಂದ ದನಿ ಬಂತು. ಹಿಂದೆಯೇ ಎರಡು ನೀಲಿ ಕಣ್ಣು ಮೂಡಿದವು. "ನನ್ನ ದನಿ ಅಷ್ಟು ಕೀಚಲಾ? 'ಅಯ್ಯಯ್ಯಯ್ಯೋ ಅಕ್ಕಾ' ಅಂತ ಮೂರು ಸಲ 'ಯ್ಯ' ಹಾಕಿದ್ರಿ. ನಾನು ಹಾಕೋದು ಎರಡೇ!"

ಕಲಿರೋಯಿ ಗೇಟಿನಿಂದ ಒಳಗೆ ಬಂದಳು. ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದು ಕೈಯಲ್ಲಿ ಜೇನಿನ ಡಬ್ಬಿ. "ಥೂ ಥೂ ಥೂ!" ಎಂದು ಮೂರು ಸಲ ಸೋಪಿನ ಕಡೆ ತಿರುಗಿ ಉಗಿದು, "ಬಾಕಿ ಇದ್ದದ್ದು ತೀರಿಸಿದೆ ಅಕ್ಕಾ. ಈಗ ತೂಗಿ, ನಾನೂ ನೋಡಬೇಕು" ಎಂದು ಮೇಜಿನ ಮುಂದೆಯೇ ಕೂತಳು. ಅಮೆರ್ಸೂದಜ್ಜಿಗೆ ನಗು ತಡೆಯಲಾಗಲಿಲ್ಲ. ನಾಲಿಗೆ ಉರಿಯುತ್ತಿದ್ದರೂ ನಕ್ಕಳು.

ಪನಾಯಿಸಜ್ಜ ಪಣ ಕಟ್ಟಿದ. "ಎಣ್ಣೆ ನೀರಿಗಿಂತ ಒಂದು ಗ್ರಾಂ ಕಡಿಮೆ ಬಂದ್ರೂ, ದೀಕ್ಷಾಸ್ನಾನದವರೆಗೂ ಈ ಮನೆ ಪಾತ್ರೆ ನಾನೇ ತೊಳೀತೀನಿ!"

"ಸಾಕ್ಷಿ ನಾನು" ಎಂದಳು ಕಲಿರೋಯಿ ತಕ್ಷಣ.

ಫ್ರೋಸೊ ಖಾಲಿ ಜಗ್ಗನ್ನು ತಕ್ಕಡಿಯ ಮೇಲಿಟ್ಟು ಗುಂಡಿ ಒತ್ತಿದಳು. ಸೊನ್ನೆ ಬಂತು. "ಜಗ್ಗಿನ ಭಾರ ಲೆಕ್ಕಕ್ಕೆ ಬೇಡ, ಅದಕ್ಕೆ ಸೊನ್ನೆ ಮಾಡಿದ್ದು. ಈಗ ನೀರು." ಅಜ್ಜಿ ಗೆರೆಯ ಮಟ್ಟಕ್ಕೆ ಕಣ್ಣಿಟ್ಟು ಬಗ್ಗಿ, ಒಂದು ಲೀಟರಿಗೆ ಸರಿಯಾಗಿ ನೀರು ತುಂಬಿದಳು. ತಕ್ಕಡಿ ಸಾವಿರ ಗ್ರಾಂ ಎಂದಿತು.

"ಒಂದು ಕಿಲೋ! ನಾನು ಹೇಳಲಿಲ್ವಾ?" ಎಂದ ಅಜ್ಜ.

"ನೀರಿಗೆ ನಾನೂ ಅದನ್ನೇ ಹೇಳಿದ್ದು. ಈಗ ಎಣ್ಣೆ."

ಅಜ್ಜಿ ಜಗ್ಗನ್ನು ಒರೆಸಿ, ಅದೇ ಗೆರೆಯವರೆಗೆ ಎಣ್ಣೆ ಹೊಯ್ದಳು. ಎಣ್ಣೆ ರಾಣಿಯಂತೆ ನಿಧಾನಕ್ಕೇ ಇಳಿಯಿತು. ಅಂಕಿಗಳು ಓಡಿದವು. ಎಂಟುನೂರು, ಒಂಬೈನೂರು. ಒಂಬೈನೂರ ಹದಿನಾರಕ್ಕೆ ಬಂದು ನಿಂತುಬಿಟ್ಟವು.

ಕಲಿರೋಯಿ ಎದ್ದು ಹೋಗಿ, ಒಳಗಿನಿಂದ ಪಾತ್ರೆ ತೊಳೆಯುವ ಅರಿವೆ ತಂದು ಪನಾಯಿಸಜ್ಜನ ಹೆಗಲ ಮೇಲೆ ಹಾಕಿದಳು.

"ಗೆರೆ ಅದೇ. ಜಗ್ಗೂ ಅದೇ" ಎಂದಳು ಅಜ್ಜಿ, ತಕ್ಕಡಿಯಿಂದ ಕಣ್ಣು ತೆಗೆಯದೆ. "ಮತ್ತೆ ಎಂಬತ್ತನಾಲ್ಕು ಗ್ರಾಂ ಎಲ್ಲಿಗೆ ಹೋಯ್ತು?"

"ಎಲ್ಲಿಗೂ ಹೋಗಿಲ್ಲ. ಅದು ಇರಲೇ ಇಲ್ಲ. ಲೀಟರ್ ಹೇಳೋದು ಎಷ್ಟು ಜಾಗ ಅಂತ. ಕಿಲೋ ಹೇಳೋದು ಎಷ್ಟು ಭಾರ ಅಂತ. ಒಂದೇ ಅಳತೆಯ ಎರಡು ಬುಟ್ಟಿ ಇದೆ ಅಂದ್ಕೊಳ್ಳಿ. ಒಂದರಲ್ಲಿ ಉಣ್ಣೆ ತುಂಬಿ, ಒಂದರಲ್ಲಿ ಆಲಿವ್ ಕಾಯಿ ತುಂಬಿ. ಜಾಗ ಒಂದೇ, ಭಾರ ಒಂದೇನಾ?"

"ಉಣ್ಣೆ ಬುಟ್ಟಿ ಇವರು ಹೊರ್ತಾರೆ, ಆಲಿವ್ ಬುಟ್ಟಿ ನನಗೆ ಬಿಡ್ತಾರೆ" ಎಂದಳು ಅಜ್ಜಿ.

"ಹಾಗೇ ಇದೂ. ಹತ್ತು ಸೆಂಟಿಮೀಟರ್ ಉದ್ದ, ಹತ್ತು ಅಗಲ, ಹತ್ತು ಎತ್ತರದ ಡಬ್ಬಿ ಮಾಡಿದ್ರೆ ಅದರಲ್ಲಿ ಸರಿಯಾಗಿ ಒಂದು ಲೀಟರ್ ಹಿಡಿಯುತ್ತೆ. ಅದರಲ್ಲಿ ನೀರು ತುಂಬಿದ್ರೆ ಒಂದು ಕಿಲೋ. ಆ ಲೀಟರನ್ನ ಸಾವಿರ ಪಾಲು ಮಾಡಿದ್ರೆ ಒಂದು ಪಾಲು ಒಂದು ಮಿಲಿಲೀಟರ್. ಅಷ್ಟು ನೀರು ಒಂದು ಗ್ರಾಂ. ನೀರಿಗೆ ಲೆಕ್ಕ ಇಷ್ಟು ಸಲೀಸು. ಬೇರೆ ಯಾವುದೇ ಆದ್ರೂ ತೂಗಿಯೇ ನೋಡಬೇಕು."

"ಹಾಗಿದ್ರೆ ನನ್ನ ಜೇನು?" ಕಲಿರೋಯಿ ಡಬ್ಬಿ ಮುಂದೆ ತಳ್ಳಿದಳು. "ಡಬ್ಬಿ ಮೇಲೆ ಒಂದು ಕಿಲೋ ಅಂತ ಬರೆದಿದೆ. ಲೀಟರ್ ಬಾಟಲಿ ಪಕ್ಕ ಇಟ್ರೆ ಕುಳ್ಳಗೆ ಕಾಣುತ್ತೆ. ನಾನು ಆ ಅಂಗಡಿಯವನಿಗೆ ಪ್ರತಿ ಸಲ ಶಾಪ ಹಾಕ್ತಿದ್ದೆ."

"ಜಗ್ಗಿಗೆ ಅರ್ಧ ಲೀಟರ್ ಹೊಯ್ಯಿರಿ. ಹೊಯ್ಯೋ ಮುಂಚೆ ಎಲ್ಲರೂ ಒಂದೊಂದು ಅಂದಾಜು ಹೇಳಿ."

"ಅರ್ಧ ಕಿಲೋ!" ಎಂದ ಅಜ್ಜ. ಪಾಠ ಇನ್ನೂ ಇಳಿದಿರಲಿಲ್ಲ.

ಅಜ್ಜಿ ಯೋಚಿಸಿದಳು. ಬೆಳಗಿನ ಬಿಸಿ ನೀರಿಗೆ ಜೇನು ಹಾಕಿದರೆ ಅದು ಸೀದಾ ಲೋಟದ ತಳಕ್ಕೆ ಹೋಗಿ ಕೂರುವುದು ಅವಳ ಕಣ್ಣಿಗೆ ಬಂತು. ಚಮಚದಿಂದ ಕಲಕದಿದ್ದರೆ ಏಳುವುದೇ ಇಲ್ಲ. "ಅರ್ಧ ಕಿಲೋಗಿಂತ ಜಾಸ್ತಿ" ಎಂದಳು. "ಜೇನು ಮುಳುಗುತ್ತೆ."

ತಕ್ಕಡಿ ಏಳುನೂರ ಹತ್ತು ಗ್ರಾಂ ಎಂದಿತು. ಕಲಿರೋಯಿ ಎದೆ ಮೇಲೆ ಕೈಯಿಟ್ಟು, ಅಂಗಡಿಯವನಿದ್ದ ದಿಕ್ಕಿಗೆ ತಿರುಗಿ, "ಕ್ಷಮಿಸಪ್ಪಾ" ಎಂದಳು. ಫ್ರೋಸೊ ಚಪ್ಪಾಳೆ ತಟ್ಟಿದಳು. ಅಜ್ಜಿಯ ಮುಖದಲ್ಲಿ ಬೆಳಗಿನಿಂದ ಇಲ್ಲದ ಕಳೆ ಬಂತು.

ಆದರೆ ಪನಾಯಿಸಜ್ಜ ಯಾಕೋ ಮಾಳಿಗೆಯ ಕಡೆಯೇ ನೋಡುತ್ತಿದ್ದ.

"ಫ್ರೋಸೊ, ಸುಮ್ನೆ ಕೇಳ್ತೀನಿ. ಸಾವಿರ ಲೀಟರ್ ನೀರು ಅಂದ್ರೆ?"

"ಸಾವಿರ ಕಿಲೋ. ಒಂದು ಟನ್. ಒಂದು ಮೀಟರ್ ಉದ್ದ, ಅಗಲ, ಎತ್ತರದ ತೊಟ್ಟಿ ತುಂಬಾ ನೀರು. ಯಾಕೆ ಚಿಕ್ಕಪ್ಪ?"

"ಏನಿಲ್ಲ... ನಿನ್ನೆ ಆ ಹಳೇ ಮಾಳಿಗೆ ಮೇಲೆ ಸಾವಿರ ಲೀಟರಿನ ಟ್ಯಾಂಕು ಇಟ್ಟೆ. ಖಾಲಿ ಇದ್ದಾಗ ನಾನೊಬ್ಬನೇ ಹೊತ್ಕೊಂಡು ಹತ್ತಿದೆ, ಹೂವಿನ ಹಾಗಿತ್ತು. ಇವತ್ತು ತುಂಬಿಸೋಣ ಅಂತಿದ್ದೆ."

"ಆ ಮಾಳಿಗೆ ಕೆಳಗೆ ಮಲಗೋದು ನಾನು!" ಅಜ್ಜಿ ಕೂಗಿದಳು. "ನನ್ನ ತಲೆ ಮೇಲೆ ಎರಡು ಹಸು ಕಟ್ಟೋಕೆ ಹೊರಟಿದ್ರಾ?"

"ಇಳಿಸ್ತೀನಿ ಕಣೇ, ಇಳಿಸ್ತೀನಿ! ಪಾತ್ರೆ ತೊಳೆದ ಮೇಲೆ."

ನಗು ಇಳಿದ ಮೇಲೆ ಅಜ್ಜಿ ಮತ್ತೆ ಸೋಪಿನ ತುಂಡನ್ನು ಕೈಗೆತ್ತಿಕೊಂಡಳು. "ಎಲ್ಲಾ ಗೊತ್ತಾಯ್ತು. ಆದ್ರೆ ಸೋಪು ಕಚ್ಚೋದು ನಿಂತಿಲ್ವಲ್ಲ. ಅಂಗಡಿ ಸೋಪೇ ಗತಿನಾ?"

"ಸೋಡಾ ಎಣ್ಣೇನ ಹಿಡಿದು ಸೋಪು ಮಾಡುತ್ತೆ" ಎಂದಳು ಫ್ರೋಸೊ. "ನಿಮ್ಮ ಹಳೇ ಲೆಕ್ಕದಲ್ಲಿ ಸೋಡಾಕ್ಕೆ ಬೇಕಾದಷ್ಟು ಎಣ್ಣೆ ಕೊಟ್ಟು, ಮೇಲೆ ಸ್ವಲ್ಪ ಎಣ್ಣೆ ಮಿಗ್ತಿತ್ತು. ಆ ಮಿಕ್ಕ ಎಣ್ಣೆಯೇ ನಿಮ್ಮ ಸೋಪಿನ ಮೃದು. ಈ ಸಲ ಅದೇ ಇಲ್ಲ. ಸೋಡಾ ಹಸಿದುಕೊಂಡೇ ಇದೆ, ಅದಕ್ಕೆ ಕಚ್ತಿದೆ. ಕಡಿಮೆ ಬಿದ್ದ ಎಣ್ಣೆ ಕೊಟ್ಟುಬಿಟ್ರೆ ಆಯ್ತು. ಎಷ್ಟು ಕಡಿಮೆ ಬಿದ್ದಿದೆ?"

"ಲೀಟರಿಗೆ ಎಂಬತ್ತನಾಲ್ಕು ಗ್ರಾಂ. ಎಂಟು ಲೀಟರಿಗೆ..." ಅಜ್ಜಿ ಬೆರಳು ಮಡಿಸಿದಳು. "ಆರುನೂರ ಎಪ್ಪತ್ತೆರಡು!"

ಮಧ್ಯಾಹ್ನದ ಹೊತ್ತಿಗೆ ಆ ಅಂಗಳ ಕಾರ್ಖಾನೆಯಾಯಿತು. ಎಲ್ಲರ ಕೈಗೂ ರಬ್ಬರಿನ ಗವಸು, ಕಣ್ಣಿಗೆ ಫ್ರೋಸೊ ತಂದ ಕನ್ನಡಕ. ಪನಾಯಿಸಜ್ಜ ಕನ್ನಡಕ ಹಾಕಿದ ಕೂಡಲೇ ಕಪ್ಪೆಯ ದನಿ ಮಾಡಿದ. ಕಲಿರೋಯಿ ಸೋಪನ್ನು ತುರಿದಳು. ಅಜ್ಜಿ ಸ್ಟೀಲಿನ ದೊಡ್ಡ ಪಾತ್ರೆ ಇಟ್ಟಳು. ಅಲ್ಯೂಮಿನಿಯಂ ಪಾತ್ರೆಯನ್ನು ಸೋಡಾ ತಿಂದುಹಾಕುತ್ತದೆ ಎಂಬುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತುರಿದ ಸೋಪಿಗೆ ತುಸು ನೀರು ಚಿಮುಕಿಸಿ, ಸಣ್ಣ ಉರಿಯಲ್ಲಿ ಕರಗಿಸತೊಡಗಿದಳು.

"ಎಣ್ಣೆ ನಾನು ತರ್ತೀನಿ!" ಎಂದು ಪನಾಯಿಸಜ್ಜ ಜಗ್ಗು ಹಿಡಿದು ಹೊರಟ. "ಆರುನೂರ ಎಪ್ಪತ್ತೆರಡು ತಾನೇ? ಜಗ್ಗಿನ ಮೇಲೆ ಗೆರೆಗಳಿವೆಯಲ್ಲ. ಆರುನೂರೈವತ್ತರ ಗೆರೆ ದಾಟಿ ಒಂದು ಚೂರು. ಆಯ್ತು!"

"ನಿಲ್ಲಿಸ್ರೀ!"

ಅಜ್ಜಿ ಸೌಟು ಹಿಡಿದುಕೊಂಡೇ ಓಡಿ ಬಂದು ಗಂಡನ ಕೈ ಹಿಡಿದಳು. ಫ್ರೋಸೊ ಬಾಯಿ ತೆರೆದಿದ್ದಳು. ಮತ್ತೆ ಮುಚ್ಚಿಕೊಂಡಳು.

"ಆ ಗೆರೆ ಏನು ಹೇಳುತ್ತೆ?" ಎಂದಳು ಅಜ್ಜಿ.

"ಆರುನೂರೈವತ್ತು."

"ಆರುನೂರೈವತ್ತು ಏನು?"

ಅಜ್ಜ ಕಪ್ಪೆಗನ್ನಡಕ ಮೇಲೆತ್ತಿ, ಜಗ್ಗನ್ನು ಬೆಳಕಿಗೆ ಹಿಡಿದು ಓದಿದ. "ಮಿಲಿ... ಲೀಟರ್."

"ನಮಗೆ ಬೇಕಾದದ್ದು?"

"ಗ್ರಾಂ" ಎಂದ ಅಜ್ಜ ಸಣ್ಣ ದನಿಯಲ್ಲಿ. ಅದು ಯಾರ ಅಣಕೂ ಅಲ್ಲ, ಆತನದೇ ದನಿ.

"ನಾನು ಮಾಡಿದ ತಪ್ಪನ್ನೇ ಮತ್ತೆ ಮಾಡೋಕೆ ಹೊರಟಿದ್ರಿ. ಎಣ್ಣೆ ಹಗುರ. ಅಷ್ಟು ಭಾರ ಬರಬೇಕಾದ್ರೆ ಅದಕ್ಕೆ ಜಾಸ್ತಿ ಜಾಗ ಬೇಕು. ಎಣ್ಣೆ ಆ ಗೆರೆಗಿಂತ ಸುಮಾರು ಮೇಲೆ ಹೋಗಬೇಕು. ನೋಡ್ತಾ ಇರಿ." ಅವಳು ಜಗ್ಗನ್ನು ತಕ್ಕಡಿ ಮೇಲಿಟ್ಟು, ಸೊನ್ನೆ ಮಾಡಿ, ಹೊಯ್ದಳು. ತಕ್ಕಡಿ ಆರುನೂರ ಎಪ್ಪತ್ತೆರಡು ಎಂದಾಗ ಎಣ್ಣೆ ಜಗ್ಗಿನಲ್ಲಿ ಏಳುನೂರರ ಗೆರೆಯನ್ನು ದಾಟಿ ಮೂವತ್ತು ಮಿಲಿಲೀಟರಿಗೂ ಮೇಲೆ ನಿಂತಿತ್ತು.

"ಚಿಕ್ಕಮ್ಮ, ನಾಳೆಯಿಂದ ಔಷಧಿ ಅಂಗಡೀಲಿ ನೀವೇ ಕೂತ್ಕೊಳ್ಳಿ" ಎಂದಳು ಫ್ರೋಸೊ.

"ಕೂರ್ತಿದ್ದೆ. ಇವರಿಗೆ ಪಾತ್ರೆ ತೊಳೆಯೋಕೆ ಹೇಳಿಕೊಡಬೇಕಲ್ಲ."

ಎಣ್ಣೆ ಸೋಪಿನೊಳಗೆ ಸೇರಿತು. ಅಜ್ಜಿ ಕಲಕಿದಳು, ಕಲಿರೋಯಿ ಕಲಕಿದಳು, ಕೈ ಸೋತಾಗ ಅಜ್ಜ ಪಾದ್ರಿಯ ದನಿಯಲ್ಲಿ ಮಂತ್ರ ಹೇಳುತ್ತ ಕಲಕಿದ. ಅಚ್ಚಿಗೆ ಹೊಯ್ದ ಸೋಪು ಕೋಣೆಯಲ್ಲಿ ಗಾಳಿಗೆ ಒಣಗಿತು. ದೀಕ್ಷಾಸ್ನಾನದ ವಾರ ಫ್ರೋಸೊ ಕಾಗದದ ಪಟ್ಟಿಗಳನ್ನು ಹಿಡಿದು ಬಂದಾಗ ಅಜ್ಜಿ ಒಂದು ಸೋಪನ್ನು ಅಭ್ಯಾಸಬಲದಿಂದ ಬಾಯಿಯ ಹತ್ತಿರ ಒಯ್ದಿದ್ದಳು. ಫ್ರೋಸೊ ಕೆಮ್ಮಿದಳು. ಅಜ್ಜಿ ಅದನ್ನು ಮೂಗಿಗೆ ಹಿಡಿದು, ಮೂಸಿ ನೋಡಿದವಳಂತೆ ನಟಿಸಿದಳು. ಪಟ್ಟಿಯ ಬಣ್ಣ ಒಳ್ಳೆಯ ಸೋಪಿಗೆ ಬರಬೇಕಾದ ಬಣ್ಣವೇ ಬಂತು.

ಮಗುವಿಗೆ ಅಜ್ಜಿಯ ಹೆಸರನ್ನೇ ಇಟ್ಟರು. ಮೊದಲ ಸ್ನಾನದ ಬೆಳಿಗ್ಗೆ ದ್ರಾಕ್ಷಿ ಚಪ್ಪರದ ಕೆಳಗೆ ದೊಡ್ಡ ಬೋಗುಣಿ ಇಟ್ಟು, ಬೆಚ್ಚಗಿನ ನೀರು ತುಂಬಿದರು. ರಾಲ್ಲೂ ಮಗುವನ್ನು ಹಿಡಿದಳು, ಫ್ರೋಸೊ ನೀರು ಹೊಯ್ದಳು, ಅಜ್ಜಿ ಸೋಪಿನ ನೊರೆಯನ್ನು ಪುಟ್ಟ ಬೆನ್ನಿಗೆ ಸವರಿದಳು. ಎಲ್ಲರೂ ಆ ಬೆನ್ನನ್ನೇ ನೋಡಿದರು. ಮಗು ಒಮ್ಮೆ ಸೀನಿತು. ಆಮೇಲೆ ನೀರನ್ನು ಎರಡೂ ಕೈಯಿಂದ ಬಡಿದು, ಪನಾಯಿಸಜ್ಜನ ಹೊಸ ಅಂಗಿಯನ್ನು ತೋಯಿಸಿ, ಕೇಕೆ ಹಾಕಿತು. ಬೆನ್ನು ಗುಲಾಬಿಯ ಎಸಳಿನ ಹಾಗೇ ಇತ್ತು.

"ಅಯ್ಯಯ್ಯೋ ಅಕ್ಕಾ, ಎಂಥಾ ಮುದ್ದು! ಥೂ ಥೂ ಥೂ!" ಎಂದಳು ಕಲಿರೋಯಿ. ಎರಡೇ 'ಯ್ಯ'. ಪನಾಯಿಸಜ್ಜ ಲೆಕ್ಕ ಹಾಕಿದ.

ಸೋತವನಿಗೆ ಒಮ್ಮೆಯಾದರೂ ಗೆಲ್ಲುವ ಆಸೆ. ಆತ ಹೆಂಡತಿಯ ಕಡೆ ತಿರುಗಿ ಕಣ್ಣು ಮಿಟುಕಿಸಿದ. "ಮಗು ಎಂಟು ಕಿಲೋ ಇದೆಯಂತೆ. ದೊಡ್ಡ ಲೆಕ್ಕದವಳಲ್ಲ, ಹೇಳು ನೋಡೋಣ. ಎಷ್ಟು ಲೀಟರು?"

ಎಲ್ಲರೂ ನಕ್ಕರು. ಅಮೆರ್ಸೂದಜ್ಜಿ ನಗಲಿಲ್ಲ. ನೀರಿನಲ್ಲಿ ರಾಲ್ಲೂವಿನ ಅಂಗೈ ಮೇಲೆ ಒರಗಿದ್ದ ಮಗುವನ್ನು ನೋಡಿದಳು. ಅದು ಎಣ್ಣೆಯಂತೆ ಮೇಲೆ ತೇಲುತ್ತಲೂ ಇರಲಿಲ್ಲ, ಜೇನಿನಂತೆ ತಳ ಸೇರುತ್ತಲೂ ಇರಲಿಲ್ಲ. ಅರ್ಧ ಒಳಗೆ, ಅರ್ಧ ಹೊರಗೆ ಎಂಬಂತೆ, ನೀರಿಗೂ ತನಗೂ ಭೇದವೇ ಇಲ್ಲವೆಂಬಂತೆ ಹಗೂರ ತೂಗುತ್ತಿತ್ತು.

"ಹೆಚ್ಚು ಕಡಿಮೆ ಎಂಟು ಲೀಟರು" ಎಂದಳು ಅಜ್ಜಿ. "ನನ್ನ ಕೂಸು ನೀರಿನ ಹಾಗೆ. ಲೆಕ್ಕ ಸಲೀಸು."

ಫ್ರೋಸೊ ಹೌದೆಂದು ತಲೆಯಾಡಿಸಿದಳು. ಪನಾಯಿಸಜ್ಜ ತೋಯ್ದ ಅಂಗಿಯಲ್ಲೇ ಎದ್ದು, ಯಾರೂ ಹೇಳದಿದ್ದರೂ, ಬೆಳಗಿನ ಪಾತ್ರೆಗಳ ಕಡೆ ನಡೆದ.

ಅಕ್ಕಂದಿರೇ, ಅಣ್ಣಂದಿರೇ, ಇನ್ನು ನಿಮ್ಮ ಸರದಿ. ಈಗಲೇ ಎದ್ದು ಅಡಿಗೆಮನೆಗೆ ಹೋಗಿ. ಎಣ್ಣೆಯ ಪೊಟ್ಟಣ ತಿರುಗಿಸಿ ಓದಿ. ಲೀಟರ್ ಒಂದು ಕಡೆ, ಗ್ರಾಂ ಒಂದು ಕಡೆ ಬರೆದಿರುತ್ತದೆ, ಎರಡೂ ಒಂದೇ ಇರುವುದಿಲ್ಲ. ನೀರಿಗೆ ಮಾತ್ರ ಲೀಟರ್ ಎಂದರೆ ಕಿಲೋ, ಮಿಲಿಲೀಟರ್ ಎಂದರೆ ಗ್ರಾಂ. ಉಳಿದದ್ದಕ್ಕೆಲ್ಲ ಕಿಲೋ ಎಂದು ಹೇಳಿದ್ದರೆ ತೂಗಿ, ಲೀಟರ್ ಎಂದು ಹೇಳಿದ್ದರೆ ಅಳೆಯಿರಿ. ಮಗುವಿನ ಔಷಧಿಯನ್ನು ಅದರ ಜೊತೆ ಬಂದ ಪುಟ್ಟ ಲೋಟದಲ್ಲೇ ಅಳೆಯಿರಿ, ಅಡಿಗೆ ಚಮಚದಲ್ಲಿ ಬೇಡ. ತಾರಸಿಯ ಮೇಲೆ ಟ್ಯಾಂಕು ಇಡುವ ಮುನ್ನ ಅದು ತುಂಬಿದಾಗಿನ ಭಾರವನ್ನು ಲೆಕ್ಕ ಹಾಕಿ. ಸೋಡಾ, ಕೀಟನಾಶಕ, ಆಸಿಡ್ ಮುಟ್ಟುವಾಗ ಕೈಗೆ ಗವಸು, ಕಣ್ಣಿಗೆ ಕನ್ನಡಕ ಇರಲಿ, ಮಕ್ಕಳು ದೂರ ಇರಲಿ, ನಾಲಿಗೆ ಬಾಯೊಳಗೇ ಇರಲಿ.

ನಿಮ್ಮ ಮನೆಯಲ್ಲಿ ತಕ್ಕಡಿ ಇಲ್ಲವೇ? ಪಕ್ಕದ ಮನೆಯವರನ್ನು ಕೇಳಿ. ನೀವು ಅವರನ್ನು ಅಣಕಿಸಿದ್ದರೂ ಪರವಾಗಿಲ್ಲ, ಅವರು ಆಗಲೇ ಗೋಡೆಯಾಚೆ ನಿಂತು ಕೇಳಿಸಿಕೊಂಡಿರುತ್ತಾರೆ.